ಮಧ್ಯಾಹ್ನಕ್ಕೆ ಏರುವ ಪಂಚಮ

ಭದ್ರಾವತಿಯ ನ್ಯೂಟೌನಿನಲ್ಲಿ ನನ್ನ ಸೋದರತ್ತೆ ಮೂವತ್ತು ವರ್ಷಗಳಿಂದ ಸಂಗೀತ ಪಾಠ ಹೇಳುತ್ತಿದ್ದಾರೆ. ಪಾಠದ ಚಾಪೆಯ ಒಂದು ತುದಿಯಲ್ಲಿ ಸದಾ ಒಂದು ಶ್ರುತಿಪೆಟ್ಟಿಗೆ ಇರುತ್ತದೆ. ತಿದಿ ಒತ್ತುವಂಥದ್ದಲ್ಲ, ಕರೆಂಟಿನದು. ರೆಕ್ಸಿನ್ ಹೊದಿಸಿದ ಮರದ ಡಬ್ಬ, ಮುಂದೆ ನಾಲ್ಕು ನಾಬ್, ಒಂದು ಕೆಂಪು ದೀಪ. ಮಾಡಿದವರ ಹೆಸರಿನ ಚೀಟಿ ನನಗೆ ಬುದ್ಧಿ ಬರುವ ಮೊದಲೇ ಉದುರಿಹೋಗಿತ್ತು. ಆ ಪೆಟ್ಟಿಗೆಗೆ ಒಂದು ಚಾಳಿ. ಬೆಳಿಗ್ಗೆ ಷಡ್ಜಕ್ಕೆ ಸರಿಯಾಗಿ ಕೂಡಿಸಿಟ್ಟ ಪಂಚಮ ಮಧ್ಯಾಹ್ನ ಮೂರರ ಹೊತ್ತಿಗೆ ಒಂದಿಷ್ಟು ಏರಿರುತ್ತದೆ. ಭದ್ರಾವತಿಯ ಬೇಸಿಗೆಯಲ್ಲಂತೂ ಹೇಳುವುದೇ ಬೇಡ. ಅತ್ತೆ ಪಾಠ ನಿಲ್ಲಿಸುವುದಿಲ್ಲ. ಕಣ್ಣಲ್ಲೇ ಯಾರಾದರೂ ಒಬ್ಬ ಹುಡುಗಿಗೆ ಸನ್ನೆ ಮಾಡುತ್ತಾರೆ. ಅವಳು ಎದ್ದು ಹೋಗಿ ಎರಡನೇ ನಾಬನ್ನು ಕೂದಲೆಳೆಯಷ್ಟು ತಿರುಗಿಸಿ ಬಂದು ಕೂರುತ್ತಾಳೆ. ಹನ್ನೆರಡು ವರ್ಷ ತುಂಬುವವರೆಗೆ ಎಷ್ಟೋ ಮಧ್ಯಾಹ್ನ ಆ ಕೆಲಸ ನನ್ನದಾಗಿತ್ತು.

ಹೋದ ವರ್ಷ ಪೆಟ್ಟಿಗೆ ಕೆಟ್ಟಿತು. ಹಾಕಿದ ತಕ್ಷಣ ಸ್ವರಕ್ಕಿಂತ ಜೋರಾಗಿ ಗುಂಯ್ ಎನ್ನುವ ಸದ್ದು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದಾಗ ಇದರ ಬಗ್ಗೆ ಬರೆಯಬೇಕೆಂಬ ಯೋಚನೆ ಇರಲಿಲ್ಲ. ನನ್ನ ಸಂಶೋಧನೆ ಗ್ರಂಥಸಂಪಾದನೆಯ ಬಗ್ಗೆ. ಓಲೆಗರಿ, ಪಾಠಾಂತರ, ಲಿಪಿಕಾರರ ತಪ್ಪು ಇವೇ ನನ್ನ ದಿನದ ಊಟ. ಆದರೆ ರಿಪೇರಿ ಅಂಗಡಿಯ ಬಲ್ಬಿನ ಕೆಳಗೆ ಆ ಡಬ್ಬದ ಹೊಟ್ಟೆ ತೆರೆದುಕೊಂಡಾಗ ನನಗೆ ಕಂಡದ್ದು ನನ್ನದೇ ವಿಷಯ.

ಅದಕ್ಕೆ ಬರುವ ಮೊದಲು ಜಗತ್ತು ಈಚೆಗೆ ಬಹಳ ಪ್ರೀತಿಯಿಂದ ಮಾತಾಡುತ್ತಿರುವ ಹಳೆಯ ಅನಲಾಗ್ ಸಿಂಥಸೈಜರ್‌ಗಳ ವಿಚಾರ ಹೇಳಬೇಕು. 1964ರ ಸುಮಾರಿಗೆ ಅಮೆರಿಕದ ರಾಬರ್ಟ್ ಮೂಗ್ ಕಟ್ಟಿದ ಯಂತ್ರದ ತಿರುಳು ಸರಳ. ಒಂದು ಆಂದೋಲಕ ಅಲೆ ಹುಟ್ಟಿಸುತ್ತದೆ, ಒಂದು ಫಿಲ್ಟರ್ ಆ ಅಲೆಯ ಮೊನೆಗಳನ್ನು ಸವರುತ್ತದೆ, ಒಂದು ಆಂಪ್ಲಿಫೈಯರ್ ಅದರ ಏರಿಳಿತ ನೋಡಿಕೊಳ್ಳುತ್ತದೆ. ಎಲ್ಲವನ್ನೂ ವೋಲ್ಟೇಜಿನಿಂದ ಆಳಬಹುದು. ಒಂದು ವೋಲ್ಟ್ ಏರಿಸಿದರೆ ಸ್ವರ ಒಂದು ಸ್ಥಾಯಿ ಮೇಲೆ ಹೋಗುತ್ತದೆ. ಶ್ರುತಿಪೆಟ್ಟಿಗೆಗೆ ಕೀಲಿಮಣೆ ಇಲ್ಲ, ವೋಲ್ಟೇಜಿನ ಆಳ್ವಿಕೆಯೂ ಇಲ್ಲ. ಕಟ್ಟುನಿಟ್ಟಾಗಿ ನೋಡಿದರೆ ಅದನ್ನು ಸಿಂಥಸೈಜರ್ ಎನ್ನುವಂತಿಲ್ಲ. ಆದರೂ ಒಳಗಿನ ಆಂದೋಲಕ, ಫಿಲ್ಟರ್, ಆಂಪ್ಲಿಫೈಯರ್ ಎಂಬ ಮೂರು ಅಂಗಗಳು ಅವೇ. ಕನ್ನಡದ ಮನೆಗಳಿಗೆ ನಿಜವಾಗಿ ಕಾಲಿಟ್ಟ ವಿದ್ಯುತ್ ಸ್ವರಯಂತ್ರ ಇದೊಂದೇ ಎಂದು ನನ್ನ ಎಣಿಕೆ. 1979ರಲ್ಲಿ ಬೆಂಗಳೂರಿನಲ್ಲಿ, ಕೊಳಲು ನುಡಿಸುತ್ತಿದ್ದ ಇಂಜಿನಿಯರ್ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಆಮೇಲೆ ಅವರ ರೇಡೆಲ್ ಸಂಸ್ಥೆಯ ಪೆಟ್ಟಿಗೆಗಳು ದೇಶವಿದೇಶದ ಕಛೇರಿ ವೇದಿಕೆಗಳನ್ನೇರಿದವು. ಹೀಗಿದ್ದೂ ಭಾರತದ ಸಿಂಥಸೈಜರ್ ಚರಿತ್ರೆ ಎಂದು ಈಗ ಬರೆಯಲಾಗುತ್ತಿರುವ ಬರಹಗಳಲ್ಲಿ ಈ ಪೆಟ್ಟಿಗೆಗೆ ಕೂರಲು ಮಣೆಯೂ ಸಿಕ್ಕಿಲ್ಲ.

ಆ ಚರಿತ್ರೆಯಲ್ಲಿ ಸದ್ಯ ಎರಡು ಕತೆಗಳಿವೆ. ಒಂದು ಅಹಮದಾಬಾದಿನದು. 1969ರಲ್ಲಿ ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಒಂದು ಮೂಗ್ ಯಂತ್ರ ಬಂತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಸ್ಟುಡಿಯೋ ಕೂರಿಸಿದರು. ಇದರ ಹಿಂದೆ ಗೀತಾ ಸಾರಾಭಾಯಿ ಇದ್ದರು. 1946ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಕೇಜ್‌ಗೆ ಭಾರತೀಯ ಸಂಗೀತದ ಪಾಠ ಹೇಳಿದ ಪಖವಾಜ್ ವಾದಕಿ ಅವರು. ಅವರೂ ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನ್‌ರಾಜ್ ಜೋಶಿಪುರ ಅವರೂ ಮೂರು ನಾಲ್ಕು ವರ್ಷ ಆ ಯಂತ್ರದ ಮುಂದೆ ಕೂತು ಟೇಪುಗಳನ್ನು ತುಂಬಿದರು. ಟೇಪುಗಳು ಕಪಾಟಿನಲ್ಲೇ ಉಳಿದವು. 2017ರಲ್ಲಿ ಲಂಡನ್ನಿನ ಕಲಾವಿದ ಪಾಲ್ ಪರ್ಗಾಸ್ ಅವನ್ನು ಕಂಡರು, 2023ರಲ್ಲಿ ಅವುಗಳ ಆಯ್ದ ಸಂಕಲನ ಹೊರಬಂತು.

ಇನ್ನೊಂದು ಮುಂಬಯಿಯದು. ಹಿಂದಿ ಚಿತ್ರಸಂಗೀತದ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಜ್ಯುಪಿಟರ್-8, ಟಿಬಿ-303, ಟಿಆರ್-808 ಎಂಬ ಮೂರು ಯಂತ್ರಗಳನ್ನು ಜೋಡಿಸಿಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ಒಂದು ಎಲ್‌ಪಿ ಮಾಡಿದರು. ಆಗ ಯಾರೂ ಕೇಳಲಿಲ್ಲ. 2010ರಲ್ಲಿ ಅದು ಯುರೋಪಿನಲ್ಲಿ ಮರುಮುದ್ರಣವಾದಾಗ, 1987ರಲ್ಲಿ ಶಿಕಾಗೋದಲ್ಲಿ ಹುಟ್ಟಿತೆನ್ನುವ ಆಸಿಡ್ ಹೌಸ್ ಸಂಗೀತವನ್ನು ಈ ಮನುಷ್ಯ ಐದು ವರ್ಷ ಮೊದಲೇ ಮಾಡಿಬಿಟ್ಟಿದ್ದ ಎಂದು ಎಲ್ಲರೂ ಬೆರಗಾದರು.

ಎರಡನ್ನೂ ನಾನು ಇಯರ್‌ಫೋನಿನಲ್ಲಿ, ಶಂಕರಘಟ್ಟದ ಹಾಸ್ಟೆಲಿನಲ್ಲಿ, ಅನೇಕ ಸಲ ಕೇಳಿದ್ದೇನೆ. ಎರಡೂ ಬೆಲೆಬಾಳುವ ದಾಖಲೆಗಳು. ನನ್ನ ತಕರಾರು ಅವುಗಳ ಸುತ್ತ ಬೆಳೆದ ಓದಿನ ಬಗ್ಗೆ. ಕಳೆದುಹೋದದ್ದು ಸಿಕ್ಕಿತು ಎಂಬ ಕತೆ ಎಷ್ಟು ಜೋರಾಗಿ ಕೇಳಿಸುತ್ತದೆಂದರೆ ಸಿಕ್ಕಿದ್ದನ್ನು ಕೇಳುವುದೇ ಮರೆತುಹೋಗುತ್ತದೆ. ಚರಣ್‌ಜಿತ್ ಸಿಂಗ್ ಅವರ ಯಮನ್ ತೆಗೆದುಕೊಳ್ಳಿ. ಕೀಲಿಮಣೆಯ ಸ್ವರಗಳು ಸಮಪಾಲಿನವು. ಒಂದು ಸ್ಥಾಯಿಯನ್ನು 1200 ಸೆಂಟ್ ಎಂದು ಭಾಗ ಮಾಡಿದರೆ ಅಂತರ ಗಾಂಧಾರ ಸರಿಯಾಗಿ 400ರಲ್ಲಿ ಕೂರುತ್ತದೆ. ತಂಬೂರಿಯ ಷಡ್ಜದ ತಂತಿಯೊಳಗಿಂದ ತಾನಾಗಿ ಹೊಮ್ಮುವ ಗಾಂಧಾರ 386ರಲ್ಲಿದೆ. ಈ 14 ಸೆಂಟಿನ ಅಂತರ ಆ ಎಲ್‌ಪಿಯ ಉದ್ದಕ್ಕೂ ಇದೆ. ವಾದಕರಿಗೆ ಅದು ಗೊತ್ತಿರಲೇಬೇಕು. ಆದ್ದರಿಂದಲೇ ಅವರು ಗಾಂಧಾರದ ಮೇಲೆ ನಿಲ್ಲುವುದಕ್ಕಿಂತ ಅದರ ಮೇಲಿಂದ ಜಾರಿಹೋಗುವುದು ಹೆಚ್ಚು ಎಂದು ನನಗೆ ಕೇಳಿಸುತ್ತದೆ. ರಾಗ ಗೊತ್ತಿದ್ದವನು ಯಂತ್ರದ ಜೊತೆ ಮಾಡಿಕೊಂಡ ಒಪ್ಪಂದ ಅದು. ಶಿಕಾಗೋಗಿಂತ ಮೊದಲು ಎಂಬ ಪ್ರಶಸ್ತಿಪತ್ರ ಕೊಟ್ಟು ಕೂರಿಸಿದರೆ ಈ ಒಪ್ಪಂದ ಕೇಳಿಸುವುದಿಲ್ಲ. ನಮ್ಮ ವಚನಗಳನ್ನು ಯಾವುದೋ ಪಾಶ್ಚಾತ್ಯ ಪಂಥಕ್ಕೆ ನೂರಾರು ವರ್ಷ ಮುಂಚೆಯೇ ಬಂದವು ಎಂದು ಹೊಗಳುವ ವಿಮರ್ಶೆಯೂ ಇದೇ ಜಾತಿಯದು. ಹೊಗಳಿಕೆಯ ಅಳತೆಗೋಲು ಯಾವಾಗಲೂ ಬೇರೆಯವರ ಮನೆಯದು.

ಹಳೆಯ ಯಂತ್ರಗಳನ್ನು ಜೀವಂತ ಇಡುವ ರಿಪೇರಿಯ ಲೋಕಕ್ಕೂ ಇಂಥದೇ ಅಳತೆಗೋಲುಗಳಿವೆ. ಅದು ಬೇರೆಯೇ ವಿದ್ಯೆ. ಕಾರ್ಗ್ ಪಾಲಿಸಿಕ್ಸ್ ಎಂಬ ಯಂತ್ರದಲ್ಲಿ ನೆನಪನ್ನು ಕಾಯಲು ಇಟ್ಟ ಪುಟ್ಟ ಬ್ಯಾಟರಿ ವರ್ಷಗಳು ಕಳೆದಂತೆ ಸೋರಿ, ಕೆಳಗಿನ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ. ಹುಳು ತಿಂದ ಗರಿಯನ್ನು ನೋಡಿದವರಿಗೆ ಅದರ ಚಿತ್ರ ಹೊಸದೆನಿಸದು. 1984ರ ರೋಲ್ಯಾಂಡ್ ಜುನೋ-106ರಲ್ಲಿ ಧ್ವನಿ ಹುಟ್ಟಿಸುವ ಚಿಪ್ಪುಗಳನ್ನು ಕಾಪಾಡಲೆಂದು ಮೆತ್ತಿದ ಕಪ್ಪು ಅಂಟು ಹಳತಾದಂತೆ ತಾನೇ ವಿದ್ಯುತ್ ಸೋರಿಸತೊಡಗಿ ಧ್ವನಿಯನ್ನು ಕೊಲ್ಲುತ್ತದೆ. ರಿಪೇರಿಯವರು ಚಿಪ್ಪನ್ನು ಅಸಿಟೋನಿನಲ್ಲಿ ನೆನೆಹಾಕಿ ಅಂಟನ್ನು ಸುಲಿದು ತೆಗೆಯುತ್ತಾರೆ. ಒಳಗಿನ ಭಾಗಗಳು ಎಷ್ಟೋ ಸಲ ಚೆನ್ನಾಗಿಯೇ ಇರುತ್ತವೆ. ಉಳಿಸಲು ಬಳಿದದ್ದೇ ಕೆಡಿಸುವುದು ನಮಗೆ ಹೊಸತೇನಲ್ಲ. ನಮ್ಮ ಊರುಗಳ ದೇವಸ್ಥಾನಗಳ ಜೀರ್ಣೋದ್ಧಾರದಲ್ಲಿ ಕಲ್ಲಿನ ಕಂಬಕ್ಕೆ ಎನಾಮಲ್ ಪೇಂಟ್ ಬಳಿದದ್ದನ್ನು ಯಾರು ನೋಡಿಲ್ಲ?

ಆದರೆ ಆ ಲೋಕದ ದೊಡ್ಡ ಜಗಳ ಇರುವುದು ಜಾರಿಕೆಯ ಬಗ್ಗೆ. ಟ್ರಾನ್ಸಿಸ್ಟರಿನ ನಡತೆ ಶಾಖಕ್ಕೆ ಬದಲಾಗುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದರೊಳಗಿನ ಒಂದು ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಆದ್ದರಿಂದ ಅನಲಾಗ್ ಆಂದೋಲಕ ನಿಂತಲ್ಲಿ ನಿಲ್ಲುವುದಿಲ್ಲ. 1970ರಿಂದ ಮಾರಾಟಕ್ಕಿದ್ದ ಮಿನಿಮೂಗ್‌ನಲ್ಲಿ ಮೊದಮೊದಲು ಬಂದ ಆಂದೋಲಕಗಳು ಹೆಚ್ಚು ಜಾರುತ್ತಿದ್ದವು. ಆಮೇಲೆ ಕಂಪನಿಯವರೇ ಸರಿಪಡಿಸಿ ಹೊಸ ಬೋರ್ಡ್ ಹಾಕಿದರು. ಇವತ್ತು ಎಷ್ಟೋ ಜನ ಹುಡುಕುವುದು ಹಳೆಯ ಬೋರ್ಡಿನದನ್ನೇ. ಮೂರು ಆಂದೋಲಕಗಳು ಒಂದಕ್ಕೊಂದು ಸ್ವಲ್ಪ ತಪ್ಪಿ ನಡೆಯುವಾಗ ಹುಟ್ಟುವ ಮಂದವಾದ, ಬೆಚ್ಚನೆಯ ನಾದ ಬೇಕು ಅವರಿಗೆ. ಡಿಜಿಟಲ್ ವಾದ್ಯ ಮಾಡುವವರು ಈಗ ಆ ತಪ್ಪನ್ನು ಲೆಕ್ಕಹಾಕಿ ಬೆರೆಸುತ್ತಾರೆ. ತಪ್ಪಿಗೊಂದು ನಾಬ್!

ಈ ಪ್ರೀತಿಯನ್ನು ನಾವು ಹಾಗೇ ಎತ್ತಿಕೊಂಡು ಬರುವಂತಿಲ್ಲ. ಶ್ರುತಿಪೆಟ್ಟಿಗೆಗೆ ಇರುವುದು ಒಂದೇ ಧರ್ಮ, ನಿಲ್ಲುವುದು. ಲೆಕ್ಕ ಸುಲಭವಾಗಲಿ ಎಂದು ಷಡ್ಜ 200 ಹರ್ಟ್ಸ್ ಎನ್ನೋಣ. ಐದು ಮನೆ ಶ್ರುತಿಯ ಹತ್ತಿರ. ಶುದ್ಧ ಪಂಚಮ 300. ಸಮಪಾಲಿನ ಕೀಲಿಮಣೆಯಲ್ಲಿ ಅದು 299.66. ಮೂರನೇ ಒಂದು ಹರ್ಟ್ಸಿನ ವ್ಯತ್ಯಾಸ, ಯಾರಿಗೆ ಕೇಳಿಸುತ್ತದೆ ಅನ್ನಬಹುದು. ಎರಡನ್ನೂ ಒಟ್ಟಿಗೆ ಹಿಡಿದರೆ ಎಲ್ಲರಿಗೂ ಕೇಳಿಸುತ್ತದೆ. ಷಡ್ಜದ ಮೂರನೇ ಉಪಸ್ವರವೂ ಪಂಚಮದ ಎರಡನೆಯದೂ 600ರ ಆಸುಪಾಸಿನಲ್ಲಿ ಡಿಕ್ಕಿ ಹೊಡೆದು, ಸುಮಾರು ಒಂದೂವರೆ ಸೆಕೆಂಡಿಗೊಮ್ಮೆ ನಾದ ಉಬ್ಬಿ ಇಳಿಯುತ್ತದೆ. ಅತ್ತೆ ನಮಗೆ ಹೇಳುತ್ತಿದ್ದ ‘ಅಲೆ’ ಇದು. ಅಲೆ ನಿಲ್ಲುವವರೆಗೆ ನಾಬ್ ತಿರುಗಿಸು, ನಿಂತ ಕೂಡಲೇ ಕೈ ತೆಗೆ. ಭೌತಶಾಸ್ತ್ರ ಓದಿಲ್ಲದ ಎಂಟು ವರ್ಷದ ಮಗು ಇದನ್ನು ಮಾಡುತ್ತದೆ.

ಈಗ ಶಿವಮೊಗ್ಗದ ಅಂಗಡಿಗೆ ಹೋಗೋಣ. ಗಾಂಧಿ ಬಜಾರಿನ ಹತ್ತಿರದ ಒಂದು ಓಣಿಯಲ್ಲಿದೆ. ಯಜಮಾನರಿಗೆ ಅರವತ್ತು ದಾಟಿದೆ. ವಾಲ್ವ್ ರೇಡಿಯೋದಿಂದ ಶುರುಮಾಡಿದವರು. ಭಜನಾ ಮಂದಿರಗಳ ಆಂಪ್ಲಿಫೈಯರ್, ಗಣಪತಿ ಹಬ್ಬದ ಆರ್ಕೆಸ್ಟ್ರಾದವರ ಕೀಬೋರ್ಡು ಎಲ್ಲ ಅವರ ಕೈಯಲ್ಲಿ ಹಾದುಹೋಗಿವೆ. ಕೆಪಾಸಿಟರ್ ಎನ್ನುವುದಿಲ್ಲ, ಹಳೆಯವರ ಹಾಗೆ ಕಂಡೆನ್ಸರ್ ಎನ್ನುತ್ತಾರೆ. ಗುಂಯ್ ಸದ್ದಿನ ಮೂಲ ಐದು ನಿಮಿಷದಲ್ಲಿ ಸಿಕ್ಕಿತು. ವಿದ್ಯುತ್ತನ್ನು ಸಮಮಾಡುವ ದೊಡ್ಡ ಕಂಡೆನ್ಸರಿನೊಳಗಿನ ದ್ರವ ವರ್ಷಗಳಲ್ಲಿ ಒಣಗಿ, 100 ಹರ್ಟ್ಸಿನ ಗುನುಗು ನೇರ ಸ್ವರಕ್ಕೆ ನುಗ್ಗುತ್ತಿತ್ತು. ಹೊಸದನ್ನು ಹಾಕಿದರು. ಸದ್ದು ನಿಂತಿತು. ಆದರೆ ಅವರು ಪೆಟ್ಟಿಗೆ ಮುಚ್ಚಲಿಲ್ಲ. ಭೂತಗನ್ನಡಿ ಹಿಡಿದು ಬೋರ್ಡಿನ ಒಂದು ಮೂಲೆ ತೋರಿಸಿದರು. “ನೋಡಿ ಮೇಷ್ಟ್ರೇ, ಇದು ಬೇರೆ ಕೈ.”

ನನ್ನ ಮೈ ಜುಮ್ಮೆಂದಿತು. ಉಳಿದ ಬೆಸುಗೆಗಳೆಲ್ಲ ಸಣ್ಣಗೆ, ಒಂದೇ ಹದದಲ್ಲಿದ್ದವು. ಆ ಮೂಲೆಯದು ಮಾತ್ರ ದಪ್ಪ, ಮಬ್ಬು. ಪಂಚಮದ ಆಂದೋಲಕಕ್ಕೆ ಕಾಲ ಕಟ್ಟುವ ಕಂಡೆನ್ಸರನ್ನು ಯಾರೋ ಯಾವಾಗಲೋ ಬದಲಾಯಿಸಿದ್ದರು. ಷಡ್ಜಕ್ಕೆ ಇದ್ದದ್ದು ಪಾಲಿಯೆಸ್ಟರಿನದು. ಇಲ್ಲಿ ಕೂತಿದ್ದದ್ದು ಅಗ್ಗದ ಸೆರಾಮಿಕ್ ಬಿಲ್ಲೆ. ಆ ಬಗೆಯ ಬಿಲ್ಲೆಗಳು ಬಿಸಿಯಾದಂತೆ ಧಾರಣಶಕ್ತಿ ಕಳೆದುಕೊಳ್ಳುತ್ತವೆ. ಕೊಡ ಚಿಕ್ಕದಾದರೆ ಬೇಗ ತುಂಬಿ ಬೇಗ ಖಾಲಿಯಾಗುವಂತೆ ಆಂದೋಲನ ಚುರುಕಾಗಿ ಸ್ವರ ಏರುತ್ತದೆ. ಮೂವತ್ತು ವರ್ಷದ ಚಾಳಿಯ ಗುಟ್ಟು ಅದು. ಪೆಟ್ಟಿಗೆಯ ಹುಟ್ಟುಗುಣ ಎಂದು ನಾವೆಲ್ಲ ನಂಬಿದ್ದು ಯಾವನೋ ಒಬ್ಬ ರಿಪೇರಿಯವನು ಕೈಗೆ ಸಿಕ್ಕಿದ್ದನ್ನು ಹಾಕಿ ಕಳಿಸಿದ್ದರ ಫಲ.

ಗ್ರಂಥಸಂಪಾದನೆಯ ಭಾಷೆಯಲ್ಲಿ ಇದು ಪ್ರಕ್ಷೇಪ. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಪಠ್ಯವಾಗಿ ಓದಿದ ಯಾವ ವಿದ್ಯಾರ್ಥಿಗೂ ಮುಂದಿನ ಹೆಜ್ಜೆಯಲ್ಲಿ ಅನುಮಾನ ಬರುವುದಿಲ್ಲ. ಲಿಪಿಕಾರ ಸೇರಿಸಿದ್ದನ್ನು ಗುರುತಿಸು, ಮೂಲಪಾಠಕ್ಕೆ ಮರಳು, ತೆಗೆದದ್ದನ್ನು ಅಡಿಟಿಪ್ಪಣಿಯಲ್ಲಿ ದಾಖಲಿಸು. ನಾನು ಹಾಗೇ ಹೇಳಿದೆ, ಪಾಲಿಯೆಸ್ಟರ್ ಹಾಕಿಬಿಡಿ ಎಂದು. ಯಜಮಾನರು ಬೆಸುಗೆ ಕೋಲು ಕೆಳಗಿಟ್ಟರು. “ಮೊದಲು ಹೆಂಗೆ ಕೂಗ್ತಿತ್ತು ಅಂತ ಗೊತ್ತಿರೋರು ಯಾರು? ಅವರನ್ನ ಕರ್ಕೊಂಡು ಬನ್ನಿ.”

ನಮ್ಮ ಶಾಸ್ತ್ರದಲ್ಲಿ ಈ ಪ್ರಶ್ನೆಗೆ ಜಾಗ ಕಡಿಮೆ. ಹಸ್ತಪ್ರತಿಗಳನ್ನು ಹೋಲಿಸುತ್ತೇವೆ, ವಂಶವೃಕ್ಷ ಬರೆಯುತ್ತೇವೆ. ತಪ್ಪು ಪಾಠವನ್ನೇ ಕೇಳಿಕೊಂಡು, ಅದರಲ್ಲೇ ಹಾಡಿಕೊಂಡು ಬಾಳಿದವರನ್ನು ಕರೆಸಿ ಕೂರಿಸುವುದಿಲ್ಲ. ಗಮಕಿಗಳು ಊರಲ್ಲೇ ಇರುತ್ತಾರೆ, ನಾವು ಗರಿಗಳ ಹತ್ತಿರ ಹೋಗುತ್ತೇವೆ. ಇದನ್ನು ನನ್ನ ಮೇಲೇ ಹೇಳಿಕೊಳ್ಳುತ್ತಿದ್ದೇನೆ. ಎರಡು ವರ್ಷದ ಕ್ಷೇತ್ರಕಾರ್ಯದಲ್ಲಿ ಕಾವ್ಯವಾಚನ ಮಾಡುವ ಒಬ್ಬರನ್ನೂ ನಾನು ಪಾಠಾಂತರದ ಬಗ್ಗೆ ಕೇಳಿಲ್ಲ.

ಮುಂದಿನ ವಾರ ಅತ್ತೆ ಬಂದರು. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಬೀದಿಯ ಗಲಾಟೆಗೆ ಶಟರ್ ಅರ್ಧ ಎಳೆಸಿದರು. ಯಜಮಾನರು ಎರಡು ತಂತಿಗಳಿಗೆ ಪಾಲಿಯೆಸ್ಟರ್ ಕಂಡೆನ್ಸರ್ ಸಿಕ್ಕಿಸಿ ಹಾಕಿದರು. ಅತ್ತೆ ಒಮ್ಮೆ ಕೂಡಿಸಿದರು. ಯಜಮಾನರು ತಲೆ ಒಣಗಿಸುವ ಯಂತ್ರದಿಂದ ಬೋರ್ಡಿಗೆ ಬಿಸಿ ಗಾಳಿ ಬಿಟ್ಟರು. ಪಂಚಮ ಅಲ್ಲಾಡಲಿಲ್ಲ.

“ಇನ್ನು ಇದು ಏರೋದೇ ಇಲ್ವಾ?”

“ಇಲ್ಲಮ್ಮಾ. ಬಂಡೆ ಹಂಗೆ.”

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಾಗಾದ್ರೆ ಮಕ್ಕಳಿಗೆ ಅಲೆ ಎಲ್ಲಿ ತೋರಿಸ್ಲಿ?”

ಈ ಮಾತು ಹುಟ್ಟಿಸಿದ ತೊಡಕನ್ನು ನಾನು ಇನ್ನೂ ಬಿಡಿಸಿಕೊಂಡಿಲ್ಲ. ತಂಬೂರಿ ಇದ್ದ ಕಾಲದಲ್ಲಿ ಶ್ರುತಿ ಕೂಡಿಸುವುದೇ ಮೊದಲ ಪಾಠವಾಗಿತ್ತು. ಹವೆ ಬದಲಾದಂತೆ ತಂತಿಯ ಬಿಗಿಯೂ ಬದಲಾಗುತ್ತದೆ; ದಾರ ಸರಿಸಿ ಜೀವ ಬರಿಸಬೇಕು. ಸಿ.ವಿ. ರಾಮನ್ 1921ರಲ್ಲಿ ಬರೆದ ಪ್ರಬಂಧವೊಂದರಲ್ಲಿ ತೋರಿಸಿದಂತೆ, ತಂಬೂರಿಯ ಬಾಗಿದ ಕುದುರೆಯ ದೆಸೆಯಿಂದ, ಮೀಟಿದ ಜಾಗದ ಲೆಕ್ಕದಲ್ಲಿ ಇಲ್ಲವಾಗಬೇಕಾದ ಉಪಸ್ವರಗಳೂ ಮೊಳಗುತ್ತವೆ. ಕಿವಿ ಆ ಉಪಸ್ವರಗಳ ಕಾಡಿನಲ್ಲಿ ದಾರಿ ಹುಡುಕಿ ಪಳಗುತ್ತಿತ್ತು. ಎಲೆಕ್ಟ್ರಾನಿಕ್ ಪೆಟ್ಟಿಗೆ ಆ ಕಷ್ಟ ತಪ್ಪಿಸಿತು. ತಂಬೂರಿ ಕೊಳ್ಳಲಾಗದ, ಹಿಡಿದು ಕೂರುವವರಿಲ್ಲದ ಕಾರ್ಖಾನೆ ಕ್ವಾರ್ಟರ್ಸಿನ ಮನೆಗಳಿಗೆ ಸಂಗೀತ ತಂದದ್ದು ಅದೇ. ನನ್ನ ಅತ್ತೆಯೂ ಅದಿಲ್ಲದೆ ಗುರುವಾಗುತ್ತಿರಲಿಲ್ಲ. ಮೊಬೈಲಿನ ಆ್ಯಪ್ ಬಂದ ಮೇಲೆ ಕೂಡಿಸುವ ಮಾತೇ ಮುಗಿಯಿತು. ಐದೂವರೆ ಎಂದು ಒತ್ತಿದರೆ ಐದೂವರೆ. ಆದರೆ ನ್ಯೂಟೌನಿನ ಈ ಒಂದು ಮನೆಯಲ್ಲಿ, ಒಂದು ಕೆಟ್ಟ ರಿಪೇರಿಯ ದೆಸೆಯಿಂದ, ಮೂವತ್ತು ವರ್ಷಗಳ ಕಾಲ ಮಕ್ಕಳು ದಿನವೂ ಮಧ್ಯಾಹ್ನ ಎದ್ದುಹೋಗಿ ಪಂಚಮ ಕೂಡಿಸಿದ್ದಾರೆ.

ಹೀಗೆಂದು ತಪ್ಪನ್ನೆಲ್ಲ ಪೂಜಿಸಲು ನಾನು ತಯಾರಿಲ್ಲ. ಮಿನಿಮೂಗ್ ಪ್ರಿಯರ ಬೆಚ್ಚನೆಯ ಜಾರಿಕೆಯೇ ಬೇರೆ, ಇದೇ ಬೇರೆ. ಅವರು ಜಾರಿಕೆಯನ್ನು ಸವಿಯುತ್ತಾರೆ. ಅತ್ತೆಗೆ ಅದು ತಿದ್ದಿಸುವುದಕ್ಕೆ ಬೇಕು. ಇನ್ನೊಂದು ಬದಿಯೂ ಇದೆ. ಮಧ್ಯಾಹ್ನದ ಪಾಳಿಯಲ್ಲಿ ಕಲಿತ, ಎದ್ದುಹೋಗುವ ಸರದಿ ಎಂದೂ ಬರದ ಸಂಕೋಚದ ಮಕ್ಕಳು ಏರಿದ ಪಂಚಮವನ್ನೇ ನಿಜವೆಂದು ಕೇಳಿಕೊಂಡು ಹೋಗಿರಬಹುದು. ಅವರ ಲೆಕ್ಕ ಯಾರು ಇಟ್ಟಿದ್ದಾರೆ? ಸಂಪಾದಕನಾಗಿ ನನ್ನ ಮತ ಈಗಲೂ ಪಾಲಿಯೆಸ್ಟರಿಗೇ.

ಯಜಮಾನರು ಒಂದು ದಾರಿ ಸೂಚಿಸಿದರು. ಹಿಂದೆ ಪುಟ್ಟ ಸ್ವಿಚ್ ಕೂರಿಸೋಣ. ಈ ಕಡೆ ಹಾಕಿದರೆ ಹಳೆಯ ಬಿಲ್ಲೆ, ಆ ಕಡೆ ಹಾಕಿದರೆ ಹೊಸದು. ನಾನು ಕುಣಿದಾಡುವಷ್ಟು ಖುಷಿಪಟ್ಟೆ. ಎರಡೂ ಪಾಠಗಳನ್ನು ಒಂದೇ ಪುಟದಲ್ಲಿ ಅಚ್ಚುಹಾಕಿದ ಪರಿಷ್ಕರಣ! ಅತ್ತೆ ಒಪ್ಪಲಿಲ್ಲ. “ಬೇಕು ಅಂದಾಗ ತಪ್ಪೋದಾದ್ರೆ ಮಕ್ಕಳು ಕಾಯೋದಿಲ್ಲ ಪುಟ್ಟಾ. ಸ್ವಿಚ್ ನೋಡ್ತಾರೆ, ಕೇಳೋದಿಲ್ಲ.”

ಭದ್ರಾವತಿಯಲ್ಲಿ ‘ಪುನಶ್ಚೇತನ’ ಎಂಬ ಪದ ಪ್ರತಿ ಚುನಾವಣೆಯಲ್ಲೂ ಕೇಳಿಸುತ್ತದೆ. ಕಾಗದದ ಕಾರ್ಖಾನೆಯ ಬಗ್ಗೆ, 1923ರಿಂದ ಕಬ್ಬಿಣ ಕರಗಿಸಿದ ಕಾರ್ಖಾನೆಯ ಬಗ್ಗೆ. ಏನನ್ನು, ಯಾವ ಸ್ಥಿತಿಗೆ, ಯಾರನ್ನು ಕೇಳಿ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಓಣಿಯ ಆ ಅಂಗಡಿಯಲ್ಲಿ ಮೂರಕ್ಕೂ ಉತ್ತರ ಸಿಗುವವರೆಗೆ ಬೆಸುಗೆ ಕೋಲು ಕೆಳಗೇ ಇತ್ತು.

ಕೊನೆಗೆ ಹಳೆಯ ಬಿಲ್ಲೆಯೇ ಉಳಿಯಿತು. ಯಜಮಾನರು ಅದರ ಮಬ್ಬು ಬೆಸುಗೆಯನ್ನು ಮಾತ್ರ ತೆಗೆದು ಹೊಸದಾಗಿ ಬೆಸೆದರು. ಅಷ್ಟು ಕೆಟ್ಟ ಕೆಲಸ ತಮ್ಮ ಅಂಗಡಿಯಿಂದ ಆಚೆ ಹೋಗಬಾರದಂತೆ. ದುಡ್ಡು ತೆಗೆದುಕೊಂಡದ್ದು ದೊಡ್ಡ ಕಂಡೆನ್ಸರಿಗಷ್ಟೇ. ಪಾಲಿಯೆಸ್ಟರಿನದನ್ನು ಒಂದು ಪ್ಲಾಸ್ಟಿಕ್ ಚೀಟಿಯಲ್ಲಿ ಹಾಕಿ ಮುಚ್ಚಳದ ಒಳಮೈಗೆ ಅಂಟಿಸಿ, ಮೇಲೆ ಪೆನ್ಸಿಲಿನಲ್ಲಿ ತಾರೀಖು ಬರೆದರು. ಮುಂದೆ ಯಾರಾದರೂ ತೆರೆದು ನೋಡಿದರೆ ಗೊತ್ತಾಗಲಿ ಎಂದರು. ವಾಪಸು ಬರುವ ಬಸ್ಸಿನಲ್ಲಿ ಪೆಟ್ಟಿಗೆ ಅತ್ತೆಯ ತೊಡೆಯ ಮೇಲಿತ್ತು. ಊರು ದಾಟುವ ಮೊದಲೇ ಅವರು ಕೇಳಿದರು, ನಾಳೆ ಮಧ್ಯಾಹ್ನ ನಿನಗೆ ಬಿಡುವಿದೆಯಾ, ಬೇರೆ ಕೈಯ ಬೆಸುಗೆ ಆಗಿದೆಯಲ್ಲ, ಎಷ್ಟು ಏರುತ್ತದೋ ಒಮ್ಮೆ ನೋಡಬೇಕು ಎಂದು.